ಸವಿತಾಳ ಬೂಟಿಗೆ ನೀರು ಹಾಕಿದವರು ಯಾರು?

ಬೂಟಿನೊಳಗೆ ಕೈ ಹಾಕಿದ ನಾಗಲಿಂಗ ಚೇಳು ಕುಟುಕಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ಇದಕ್ಕ ನೀರ ಹಾಕಿದವ್ರು ಯಾರ್ರಿ?"

ಬಿಸಿಲು ಆಗಷ್ಟೇ ಎದುರಿನ ಶಿಖರದ ಹಿಂದಕ್ಕೆ ಇಳಿದಿತ್ತು. ಇಳಿದದ್ದೇ ತಡ, ಹಿಮಾಲಯದ ಆ ಕಟ್ಟಕಡೆಯ ಕ್ಯಾಂಪಿನೊಳಗೆ ಚಳಿ ಹೇಳದೆ ಕೇಳದೆ ಬಂದ ಬೀಗರಂತೆ ನುಗ್ಗಿ ಕೂತಿತ್ತು. ಬಾಯಿ ತೆರೆದರೆ ಮಾತು ಹೆಪ್ಪುಗಟ್ಟಿ ತುಟಿಯ ಮೇಲೇ ಉದುರಬೇಕು, ಅಂಥ ಚಳಿ. ಆದರೂ ಮಹಾನಂದಾ ಬಾಯಿ ತೆರೆದಳು. ಹುನಗುಂದದಲ್ಲಿ ಖಾನಾವಳಿ ನಡೆಸುವ ಹೆಂಗಸಿಗೆ ಬಾಯಿ ಮುಚ್ಚಿ ಕೂತು ರೂಢಿಯಿರಲಿಲ್ಲ.

"ಏನಾತೋ? ಯಾರ ಬೂಟದು?"

"ಸವಿತಾಂದ್ರಿ ಅಕ್ಕಾರ. ಹಿಂಬಡದಾಗ ನೀರ ಬಿದ್ದು ಕಲ್ಲಾಗೇತಿ. ಎರಡೂ ಬೂಟ! ಮಂಜಿನ ಮ್ಯಾಲೆ ನಡಿಯೂ ಮುಳ್ಳಿನ ಪಟ್ಟಿ ಕಟ್ಟಿ ನೋಡೂಣು ಅಂತ ಹುಡಿಕಿದ್ರ, ಡೇರೆ ಹಿಂದ ಬಿದ್ದಾವು. ಒದ್ದಿ ಬೂಟ ಹಾಕ್ಕೊಂಡು ಮ್ಯಾಲೆ ಹೋದ್ರ ಕಾಲಿನ ಬೆರಳ ಉಳಿಯಂಗಿಲ್ಲ."

ನಾಗಲಿಂಗ ಬಾದಾಮಿಯ ಕೆಂಪು ಬಂಡೆಗಳ ಮೇಲೆ ಮಂಗಗಳ ಜೊತೆ ಪೈಪೋಟಿ ಮಾಡಿ ಹತ್ತುವುದನ್ನು ಕಲಿತವನು. ಸೋತ ಮಂಗಗಳು ನಾಚಿ ಊರನ್ನೇ ಬಿಡಲು ಹೊರಟಿದ್ದವು ಎಂದು ಮಹಾನಂದಾ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಈಗ ಅವನು ಹಿಮಾಲಯದಲ್ಲಿ ಗೈಡು. ತನ್ನೂರ ಕಡೆಯವರನ್ನೇ ಕಟ್ಟಿಕೊಂಡು ಬಂದಿದ್ದ. ನಸುಕಿನಲ್ಲಿ ಶಿಖರಕ್ಕೆ ಹೊರಡುವುದಿತ್ತು. ಮುಂದೆ ದಾರಿ ಮಾಡುತ್ತ ನಾಗಲಿಂಗ. ಅವನ ಹಿಂದೆ ಹಗ್ಗ ಹಿಡಿದು ಸವಿತಾ. ಅವಳ ಹಗ್ಗಕ್ಕೆ ಇಳಕಲ್ಲಿನ ಸೀರೆ ವ್ಯಾಪಾರಿ ರಾಜೇಶ ಮತ್ತು ಅಮೀನಗಡದಲ್ಲಿ ಕರದಂಟಿನ ಅಂಗಡಿಯಿಟ್ಟ ಯುನೂಸ. ಇಬ್ಬರನ್ನೂ ಮೇಲಕ್ಕೆ ಮುಟ್ಟಿಸಿ ಕೆಳಗಿಳಿಸಿದರೆ ಸವಿತಾ ಇನ್ನು ಮುಂದೆ ನಾಗಲಿಂಗನ ಜೊತೆಗಾರ್ತಿ ಗೈಡು. ಇಲ್ಲದಿದ್ದರೆ ಎಲ್ಲ ಮುಗಿದಂತೆ. ಯಾಕೆಂದರೆ, ಬಾದಾಮಿ ಬದಿಯ ಕುರುಬರ ಮನೆಯ ಆ ಹುಡುಗಿ ಬೀರಪ್ಪ ದೇವರ ಅರಿಶಿನಪುಡಿಯ ಭಂಡಾರ ಮುಟ್ಟಿ ತಾಯಿ ಲಗಮವ್ವನಿಗೆ ಆಣೆ ಮಾಡಿ ಬಂದಿದ್ದಳು. ಇದೊಂದು ಬೆಟ್ಟ, ಇದು ಆಗದಿದ್ದರೆ ಮತ್ತೆ ಹಗ್ಗ ಮುಟ್ಟುವುದಿಲ್ಲ ಎಂದು.

ಸವಿತಾ ಅಳಲಿಲ್ಲ. ಬೂಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡಿದಳು. ಹಿಮದ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ಹತ್ತುವ ಹುಡುಗಿ ಈಗ ಬೂಟಿನೊಳಗಿನ ಮಂಜುಗಲ್ಲನ್ನು ಉಗುರಿನಿಂದ ಕೆರೆಯತೊಡಗಿದಳು.

"ನನ್ನ ಮುಖ ಯಾಕ ನೋಡ್ತೀರಿ?" ಎಂದ ರಾಜೇಶ, ಯಾರೂ ನೋಡದಿದ್ದರೂ. "ಹೌದು, ಒಂದ್ ಹುಡುಗಿ ಹಿಡಿದ ಹಗ್ಗಕ್ಕ ಕಟ್ಟಿಸ್ಕೊಂಡು ಹೋಗೂದು ನನಗ ಮನಸಿಲ್ಲ ಅಂದೇನಿ. ಅಂದ್ರೇನಾತು? ಬೂಟಿಗೆ ನೀರ ಹಾಕೂ ಮನಶಾ ಅಲ್ಲ ನಾ!"

"ನಂಗೂ ಬ್ಯಾಡ ಆಗಿತ್ತು," ಎಂದು ಯುನೂಸ ತಲೆ ಹಿಡಿದುಕೊಂಡೇ ನರಳಿದ. "ತಲಿ ಗಿರಣಿ ಆಗೇತಿ ನಂದು. ಈಕಿ ಹಗ್ಗ ಮ್ಯಾಲೆ ಹೋಗಲಿಲ್ಲಂದ್ರ ಮರ್ಯಾದಿ ಉಳಿಸ್ಕೊಂಡು ಮಲಗಬಹುದು ಅಂತ ಅಲ್ಲಾಹ್‌ನ ಕೇಳೇನಿ. ಕೇಳೇನಿ ಅಷ್ಟ. ನೀರ ಹಾಕಿಲ್ಲ."

"ಭಂಡಾರ ತಗಿ ಹುಚ್ಚೇಶಣ್ಣ!" ಎಂದಳು ಮಹಾನಂದಾ. "ಎಲ್ಲಾರೂ ಮುಟ್ಟಿ ಹೇಳ್ಲಿ. ಸುಳ್ಳ ಹೇಳಿದಾಂವ ಅಲ್ಲೇ ಉರುಳತಾನ."

ಹುಚ್ಚೇಶ ಸವಿತಾಳ ಸೋದರಮಾವ. ಹರೆಯದ ಹುಡುಗಿಯನ್ನು ಒಬ್ಬಳನ್ನೇ ಕಳಿಸಲಾಗದೆ ಲಗಮವ್ವ ಬೆನ್ನಿಗೆ ಹಚ್ಚಿದ ಕಾವಲು. ಕಂಬಳಿ ಹೊದ್ದು, ಉಣ್ಣೆ ನೂಲುವ ಕದಿರು ತಿರುವುತ್ತ, ದಾರಿಯುದ್ದಕ್ಕೂ ಎಲ್ಲರಿಗಿಂತ ಹಿಂದೆ ನಡೆಯುತ್ತ ಒಂದೇ ಸಮ ಗೊಣಗುತ್ತಿದ್ದ: "ಕುರಿಗೆ ಒಂದು ಎಸಳು ಮೇವಿಲ್ಲದ ಗುಡ್ಡ ಹತ್ತಿ ಏನ ಮಾಡೂದೈತಿ? ಈ ಹುಡುಗಿ ಒಮ್ಮಿ ಕೆಳಗ ಇಳದ್ರ ಸಾಕಪ್ಪ ಬೀರಪ್ಪ." ಸೊಂಟದಲ್ಲಿ ಭಂಡಾರದ ಚೀಲ. ಸಾಮಾನು ಹೊರುವ ಹೇಸರಗತ್ತೆ ಸೀನಿದರೂ ಅದರ ಹಣೆಗೆ ಭಂಡಾರ, ಡೇರೆಯ ಗೂಟಕ್ಕೆ ಭಂಡಾರ, ಹಿಮದ ಸೇತುವೆ ದಾಟುವ ಮೊದಲು ಹಿಮಕ್ಕೂ ಭಂಡಾರ. ಬರುಬರುತ್ತ ಅರ್ಧ ಹಿಮಾಲಯ ಹಳದಿಯಾಗಿತ್ತು.

ಅಂಥ ಹುಚ್ಚೇಶ ಈಗ ಚೀಲದ ಮೇಲೆ ಕೈ ಮುಚ್ಚಿಕೊಂಡ. "ಇಂಥಾ ಸಣ್ಣ ಮಾತಿಗೆ ಭಂಡಾರ ತಗಿಯೂದಿಲ್ಲವಾ."

"ಇದು ಸಣ್ಣ ಮಾತೇನೋ?" ಎಂದು ಮಹಾನಂದಾ ಕೇಳುವಷ್ಟರಲ್ಲಿ, ಅಡುಗೆ ಡೇರೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ಇಂದ್ರಾಬಾಯಿ ಕೆಮ್ಮಿದಳು.

ಆ ಕೆಮ್ಮು ಕೇಳಿದ್ದೇ ಮಹಾನಂದಾಳ ಎದೆ ಹೆಮ್ಮೆಗೆ ಮೊರದಗಲವಾಯಿತು. ಇಂದ್ರಾಬಾಯಿ ಪೊಲೀಸ್ ಹವಾಲ್ದಾರಳಾಗಿ ನಿವೃತ್ತಳಾದವಳು. ಮಹಾಕೂಟದ ಹೊಂಡದ ಮೆಟ್ಟಿಲಲ್ಲಿ ಕಳೆದ ಚಪ್ಪಲಿ ಇರಲಿ, ಪಟ್ಟದಕಲ್ಲಿನ ಬಸ್ಸಿನಲ್ಲಿ ಮಾಯವಾದ ಬೋರಮಾಳ ಸರ ಇರಲಿ, ಅವಳು ಹೀಗೊಮ್ಮೆ ಕೆಮ್ಮಿದಳೆಂದರೆ ಕಳ್ಳ ತಾನಾಗಿ ಬಂದು ಕಾಲು ಹಿಡಿಯುತ್ತಿದ್ದ. ಇದು ಮಹಾನಂದಾಳ ಲೆಕ್ಕ. ಕಾಲು ಹಿಡಿಯದ ಕಳ್ಳರ ಸುದ್ದಿಯನ್ನು ಅವಳು ಎತ್ತುತ್ತಿರಲಿಲ್ಲ. ಮನೆಯಲ್ಲಿ ಕೂತರೆ ಮೊಣಕಾಲಿಗೆ ತುಕ್ಕು ಹಿಡಿಯುತ್ತದೆ ಎಂದು ಗೆಳತಿ ಬೆಟ್ಟಕ್ಕೆ ಹೊರಟಾಗ, ಅವಳ ಚೀಲ ಹೊರುವ ನೆಪದಲ್ಲಿ ತನ್ನ ಶೇಂಗಾ ಚಟ್ನಿ, ಕುಸುಬಿ ಎಣ್ಣೆಗಳ ಸಮೇತ ಮಹಾನಂದಾ ಬೆನ್ನು ಹತ್ತಿದ್ದಳು. ಈ ಕ್ಯಾಂಪಿನಿಂದ ಮೇಲೆ ಇಬ್ಬರೂ ಹೋಗುವವರಲ್ಲ.

"ನಾಗಲಿಂಗ, ಊಟ ಮುಗಿಯೂತನಾ ಟೈಮ ಕೊಡು," ಎಂದಳು ಇಂದ್ರಾಬಾಯಿ. "ಮಾನಂದಾ, ಬ್ಯಾಟರಿ ತಗೊಂಡ ಬಾ."

ಡೇರೆಯ ಹಿಂದೆ ಇಂದ್ರಾಬಾಯಿ ಬೂಟುಗಳ ಸಮೇತ ಹೋಗಿ, ಅವು ಸಿಕ್ಕ ಜಾಗದಲ್ಲಿ ಕೂತು, ಪಡುವಣ ದಿಕ್ಕಿಗೆ ಮುಖ ಮಾಡಿ ಸುಮ್ಮನೆ ನೋಡಿದಳು. ಕೊನೆಯ ಬಿಸಿಲು ಬೀಳುವ ಜಾಗ ಅದು. ಪಕ್ಕದ ಬಂಡೆಯ ಮೇಲೆ ಬೂಟಿನೊಳಗಿನ ಎರಡು ಮೆತ್ತೆಗಳು ಒಣಗಿಯೇ ಇದ್ದವು. ಗಾಳಿಗೆ ಹಾರದಂತೆ ಅವುಗಳ ಮೇಲೆ ಒಂದೊಂದು ಹರಳು ಇಟ್ಟಿತ್ತು. ಬಿಚ್ಚಿದ ಲಾಡಿಗಳನ್ನು ಸುರುಳಿ ಸುತ್ತಿ ಇಟ್ಟಿತ್ತು. ಹತ್ತಿರದಲ್ಲೇ ಮುಷ್ಟಿಗಾತ್ರದ ಗುಂಡುಕಲ್ಲು.

"ಬೂಟಿನ ಹಿಂಬಡ ಮೂಸಿ ನೋಡು."

ಮಹಾನಂದಾ ಮೂಸಿದಳು. ಅವಳ ಮುಖ ಬಿಳಿಚಿತು. "ಯವ್ವಾ ಇಂದ್ರವ್ವ, ಇದು ನನ್ನ ಕುಸುಬಿ ಎಣ್ಣಿ! ನನ್ನ ಮ್ಯಾಲೇ ಬರತೈತೇನ ಇದು?"

"ಬಂದ್ರ ಜೇಲಿನಾಗ ಖಾನಾವಳಿ ತಗಿಯಾಕ ಬಂತು. ಇವತ್ತ ಎಣ್ಣಿ ಯಾರ್ಯಾರು ಇಸ್ಕೊಂಡ್ರು, ಹೇಳು."

"ಯಾರು ಬಿಟ್ಟಾರ! ಯುನೂಸ ತಲಿಗೆ ಹಚ್ಕೊಂಡ. ರಾಜೇಶ ತುಟಿ ಒಡದಾವಂತ ಸವರಿಕೊಂಡ. ಹುಚ್ಚೇಶಣ್ಣ ಕೈ ಬಿರಕ ಬಿಟ್ಟಾವಂತ ಚಿಪ್ಪಿನಾಗ ಒಯ್ದ."

ಇಂದ್ರಾಬಾಯಿ ಇನ್ನೇನೂ ಕೇಳಲಿಲ್ಲ. ಸವಿತಾಳ ಡೇರೆಗೆ ಹೋಗಿ, "ಕಾಲ ಚಾಚು ತಂಗಿ," ಎಂದಳು. ಸವಿತಾ ಕಾಲು ಮಡಚಿಕೊಂಡಳು. ಇಂದ್ರಾಬಾಯಿ ಅವಳ ಕಾಲುಚೀಲ ಎಳೆದು, ಒಂದು ಕ್ಷಣ ನೋಡಿ, ಮತ್ತೆ ಏರಿಸಿದಳು. ಹುಡುಗಿಯ ಕಣ್ಣು ತುಂಬಿದ್ದು ಆಗ. "ಯಾರಿಗೂ ಹೇಳಬ್ಯಾಡ್ರಿ ಬಾಯಾರ," ಎಂದಳು ಪಿಸುದನಿಯಲ್ಲಿ.

"ಹೇಳಲಿಲ್ಲಂದ್ರ ಕಳ್ಳ ಸಿಗಂಗಿಲ್ಲವಾ. ಹೇಳಿದ್ರ ನಿನ್ನ ಹಗ್ಗ ಹೋದೀತು. ನೀನ ಹೇಳು, ಏನ್ ಮಾಡ್ಲಿ?"

ಸವಿತಾ ಕಾಲುಚೀಲ ಸರಿಮಾಡಿಕೊಂಡಳು. "ಹೇಳ್ರಿ. ಸುಮ್ನ ಯಾರ ಮ್ಯಾಲೋ ಅಪವಾದ ಬ್ಯಾಡ."

ಮಹಾನಂದಾ ಆ ಹೊತ್ತೇ ಮನಸ್ಸಿನಲ್ಲಿ ಹುಡುಗಿಗೆ ಕೈಮುಗಿದಳು. ಶಿಖರ ಹತ್ತುವುದೇನು ದೊಡ್ಡದು, ಇದಕ್ಕಿಂತ ಎತ್ತರ ಯಾವುದಿದೆ!

ಊಟಕ್ಕೆ ಎಲ್ಲರೂ ಅಡುಗೆ ಡೇರೆಯಲ್ಲಿ ಸೇರಿದರು. ನಡುವೆ ಸ್ಟೋವು ಉರಿಯುತ್ತಿತ್ತು. ಇಂದ್ರಾಬಾಯಿ ಬೂಟುಗಳನ್ನು ಎದುರಿಗಿಟ್ಟುಕೊಂಡು, ರೊಟ್ಟಿ ಮುರಿಯುತ್ತಲೇ ಮಾತು ತೆಗೆದಳು.

"ನಿಮ್ಮೆಲ್ಲಾರ ತಪ್ಪು ಒಂದ. ವೈರಿನ್ನ ಹುಡಿಕಿದ್ರಿ. ವೈರಿ ಆದಾಂವ ಬೂಟಿನ ತುಂಬ ನೀರ ಸುರುವತಾನ. ಮೆತ್ತಿ ತಗದು, ಹಾರಿ ಹೋಗಬಾರದಂತ ಹರಳ ಇಡತಾನೇನು? ಲಾಡಿ ಸುತ್ತಿ ಇಡತಾನೇನು? ನೆರಳಿನಾಗ ಒಗದು ಹೋಗೂದು ಬಿಟ್ಟು, ಕಡೀ ಬಿಸಿಲು ಬೀಳೂ ಜಾಗಾ ಹುಡುಕತಾನೇನು?"

"ಮತ್ತ ಯಾಕ ಹಾಕಿದ್ರು ನೀರ?" ಎಂದ ರಾಜೇಶ.

"ಊರಾಗ ಹೊಸಾ ಕಾಲ್ಮರಿ ಚಪ್ಪಲಿ ಕಚ್ಚಿದ್ರ ಏನ ಮಾಡ್ತೀರಿ? ಕಚ್ಚೂ ಜಾಗಾಕ್ಕ ನೀರ ಹಚ್ಚಿ ನೆನಸ್ತೀರಿ. ಗುಂಡಕಲ್ಲಿಲೆ ಬಡದು ಮೆತ್ತಗ ಮಾಡ್ತೀರಿ. ಎಣ್ಣಿ ಉಣಸ್ತೀರಿ. ಬಿಸಿಲಿಗೆ ಇಟ್ರ ನಮ್ಮ ಕಡೆ ಚಹಾ ಕುಡಿಯೂದ್ರಾಗ ಒಣಗತೈತಿ. ಇಲ್ಲೂ ಹಂಗ ಮಾಡ್ಯಾರ. ಆದ್ರ ಇಲ್ಲಿ ಬಿಸಿಲು ಹೋಗೂದ ತಡ, ನೀರು ಕಲ್ಲ. ಇದು ನೀರು ಹೆಪ್ಪುಗಟ್ಟೂದು ಕಣ್ಣಿಲೆ ಕಾಣದ ನಮ್ಮಂಥಾವರು ಅಷ್ಟ ಮಾಡೂ ತಪ್ಪು. ಅದಕ್ಕ ನಮ್ಮ ಸಾಮಾನು ಹೊತ್ತು ಬಂದ ಇಲ್ಲಿಯ ಆಳುಗಳನ್ನ ನಾ ಕೇಳಲಿಲ್ಲ."

ಮಹಾನಂದಾ ರೊಟ್ಟಿ ಬಾಯಿಗಿಡುವುದನ್ನೂ ಮರೆತು ಗೆಳತಿಯನ್ನೇ ನೋಡುತ್ತಿದ್ದಳು.

"ಇನ್ನ ಯಾರು ಅನ್ನೂದು. ನೀರು ಹಿಂಬಡಕ್ಕ ಅಷ್ಟ ಹಾಕೇತಿ. ಅಂದ್ರ ಹಿಂಬಡ ಕಚ್ಚೂದು ಗೊತ್ತಿದ್ದವರು ಹಾಕ್ಯಾರ. ಸವಿತಾನ ಎರಡೂ ಹಿಂಬಡ ಕೆಂಪಗಾಗಿ ಸುಲದಾವು. ಗೈಡಿಗೆ ಗೊತ್ತಾದ್ರ ಕೆಳಗ ಕಳಸ್ತಾನಂತ ಆಕಿ ಯಾರಿಗೂ ಹೇಳಿಲ್ಲ. ಈಗ ನಿಮ್ಮ ಮ್ಯಾಲೆ ಅಪವಾದ ಬ್ಯಾಡಂತ ಆಕಿನ ಹೇಳ್ರಿ ಅಂದಾಳ. ಮುಂದ ನಡಿಯೂ ನಾಗಲಿಂಗಗ ತಿಳೀಲಿಲ್ಲ. ಎದುರಿಗೆ ಕೂತು ಉಣ್ಣೂ ನಮಗೂ ತಿಳೀಲಿಲ್ಲ. ರಾಜೇಶ ತನ್ನ ಫೋಟೋ ಬಿಟ್ಟು ಬ್ಯಾರೆ ಏನೂ ನೋಡಿಲ್ಲ. ಯುನೂಸ ಕಣ್ಣ ತಗದದ್ದ ಕಡಿಮಿ. ಹಿಂದಿಂದ ಆಕಿ ನಡಿಗಿ ನೋಡಿದಾಂವ ಒಬ್ಬನ. ಹಿಂಡಿನ ಬೆನ್ನಿಗೆ ನಡಕೊಂತ, ಯಾವ ಕುರಿ ಕಾಲ ಎಳಿಯಾಕತ್ತೇತಿ ಅಂತ ಹುಟ್ಟಿದಾಗಿಂದ ನೋಡಿದಾಂವ."

ಎಲ್ಲರ ಕಣ್ಣೂ ಕಂಬಳಿಯ ಕಡೆ ತಿರುಗಿದವು. ಕಂಬಳಿ ಅಲುಗಲಿಲ್ಲ.

"ಹೇಸರಗತ್ತಿಗೂ ಭಂಡಾರ ಹಚ್ಚಿದಾಂವ, ಆಣಿ ಮಾಡಾಕ ಮಾತ್ರ ಚೀಲ ಬಿಚ್ಚಲಿಲ್ಲ," ಎಂದಳು ಇಂದ್ರಾಬಾಯಿ, ಈ ಸಲ ಮೆಲ್ಲಗೆ. "ಭಂಡಾರ ಮುಟ್ಟಿ ಸುಳ್ಳ ಹೇಳೂ ಜಾತಿ ಅಲ್ಲ ನೀ, ಹುಚ್ಚೇಶಪ್ಪ."

ಹುಚ್ಚೇಶ ಕಂಬಳಿಯೊಳಗಿಂದ ಮುಖ ಹೊರಗೆ ಹಾಕಿದ. ಗಡ್ಡ ಒದ್ದೆಯಾಗಿತ್ತು.

"ನಾನ ಹಾಕಿದ್ದು. ಅದು ಕಲ್ಲಾಗತೈತಂತ ನಂಗೇನ ಗೊತ್ತು? ಮ್ಯಾಲೆ ಎಣ್ಣಿ ಹಚ್ಚಿ, ಮಧ್ಯಾಹ್ನ ಮಲಗಿದ ಕೂಸು ಏಳೂದ್ರಾಗ ತಂದಿಡಬೇಕಂತಿದ್ದೆ. ಹೋಗಿ ನೋಡಿದ್ರ ಕಲ್ಲ ಆಗಿದ್ವು. ಅಷ್ಟರಾಗ ಇಂವ ಯಾರು ಯಾರು ಅಂತ ಒದರಿದ. ದಾರಿ ತುಂಬ ಕೆಳಗ ಇಳಿ ಇಳಿ ಅಂತ ಗೊಣಗಿದ ನಾ, ಚಲೋ ಆಗ್ಲಿ ಅಂತ ಮಾಡಿದೆ ಅಂದ್ರ ಯಾರ ನಂಬತಿದ್ರು?"

"ಮಾವಾ, ನೀ ಬ್ಯಾಡ ಅಂತಿದ್ದೆಲ್ಲ?" ಎಂದಳು ಸವಿತಾ.

"ಬ್ಯಾಡ ಅಂತ ಬಾಯಿ ಅಂತಿತ್ತು ಕೂಸ. ಬಾಯಿ ಬೈದ್ರ ಮನಸಿನ ಅಂಜಿಕಿ ಕಡಿಮಿ ಆಗತೈತಿ. ನೀ ಆ ಮಂಜಿನ ಗ್ವಾಡಿ ಹತ್ತೂದು ನೋಡಿ ಬೀರಪ್ಪಗ ಬೇಡಕೊಂಡೇನಿ, ನನ್ನ ಭಂಡಾರ ಆ ತುದಿಗೆ ನಿನ್ನ ಕೈಲೇ ಮುಟ್ಟಲಿ ಅಂತ."

ಸವಿತಾ ಎದ್ದು ಹೋಗಿ ಮಾವನ ಪಕ್ಕ ಕೂತಳು. ಆದರೆ ನಾಗಲಿಂಗನ ಮುಖ ಇನ್ನೂ ಗಂಟಿಕ್ಕಿತ್ತು.

"ಬೂಟ ಆಮ್ಯಾಲಿನ ಮಾತು. ಗಾಯ ಮುಚ್ಚಿಟ್ಟಾಕಿ ಕೈಯಾಗ ಇಬ್ಬರ ಜೀವ ಹೆಂಗ ಕೊಡ್ಲಿ?"

ಸವಿತಾ ತಲೆ ತಗ್ಗಿಸಲಿಲ್ಲ. "ತಪ್ಪಾತು. ಇನ್ನ ಮ್ಯಾಲೆ ಕೂದಲ ಕೊಂಕಿದ್ರೂ ಮೊದಲ ನಿಮಗ ಹೇಳ್ತೇನಿ. ಇವತ್ತು ಬ್ಯಾಡ ಅಂದ್ರ ಇಳೀತೇನಿ."

ಆಗ ಮಾತಾಡಿದವನು ರಾಜೇಶ, ಯಾರೂ ಎಣಿಸದಿದ್ದವನು. "ಇಳಿಯೂದ್ಯಾಕ? ತನಗ ಲುಕ್ಸಾನ ಆಗತೈತಂತ ಗೊತ್ತಿದ್ದೂ ನಮ್ಮ ಮ್ಯಾಲಿನ ಅಪವಾದ ತಗದಾಳ ಆಕಿ. ನಾ ಆಕಿ ಹಗ್ಗಕ್ಕ ಕಟ್ಕೊಂತೇನಿ. ಯುನೂಸ, ನೀ?"

"ಈಕಿ ಹಗ್ಗ ಹಿಡಿದ್ರ ನನ್ನ ತಲಿನೋವೂ ಗುಡ್ಡ ಹತ್ತತೈತಿ ಬಿಡು," ಎಂದ ಯುನೂಸ.

ನಾಗಲಿಂಗ ಸ್ಟೋವಿನ ಬೆಳಕಿನಲ್ಲಿ ಸವಿತಾಳ ಹಿಮ್ಮಡಿಗಳನ್ನು ಒತ್ತಿ ಒತ್ತಿ ನೋಡಿದ. ಮೇಲಿನ ಚರ್ಮ ಸುಲಿದಿತ್ತು, ಒಳಗೆ ಒಡೆದಿರಲಿಲ್ಲ. ಪಟ್ಟಿ ಹಚ್ಚುತ್ತ, "ಬೂಟ ಪೂರ್ತಿ ಒಣಗಿದ್ರ ಹೋಗೂದು. ಹನಿ ಪಸಿ ಇದ್ರೂ ಇಲ್ಲ," ಎಂದ.

ಅದಕ್ಕೇ ಕಾದಿದ್ದವನಂತೆ ಹುಚ್ಚೇಶ ಎರಡೂ ಬೂಟುಗಳನ್ನು ಎತ್ತಿಕೊಂಡ. ಮಂಜು ಕರಗಿಸಿ, ನೀರು ಒರೆಸಿ, ಒಳಗೆ ಬಿಸಿನೀರಿನ ಬಾಟಲಿ ಇಟ್ಟು, ಕೂಸನ್ನು ತಬ್ಬಿದಂತೆ ಹೊಟ್ಟೆಗೆ ಅವುಚಿಕೊಂಡು ಕಂಬಳಿಯೊಳಗೆ ಸೇರಿದ. ಬಾಟಲಿ ಆರಿದಂತೆಲ್ಲ ಮಹಾನಂದಾ ಕಾಸಿ ಕೊಟ್ಟಳು. ಆ ಕಂಬಳಿಯ ಕಾವಿಗೆ ಸುತ್ತಲಿನ ನಾಲ್ಕು ಶಿಖರ ಕರಗಿ ಹರಿಯದಿದ್ದದ್ದೇ ಪುಣ್ಯ ಎಂದು ಅವಳು ಆಮೇಲೆ ಹುನಗುಂದದ ಗಿರಾಕಿಗಳಿಗೆಲ್ಲ ಹೇಳಿದಳು.

ನಸುಕಿನಲ್ಲಿ ನಾಗಲಿಂಗ ಬೂಟಿನೊಳಗೆ ಮತ್ತೆ ಕೈ ಹಾಕಿದ. ಈ ಸಲ ಕೈ ಹಿಂದಕ್ಕೆಳೆಯಲಿಲ್ಲ. ಸವಿತಾ ಬೂಟು ಏರಿಸಿಕೊಂಡಳು. ಮಾವ ತನ್ನ ಸೊಂಟದ ಚೀಲವನ್ನು ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿದ.

ಬಿಸಿಲೇರುವವರೆಗೂ ಕೆಳಗಿನ ಮೂವರೂ ಶಿಖರದ ಕಡೆಗೇ ಮುಖ ಮಾಡಿ ನಿಂತಿದ್ದರು. ಆಕಾಶಕ್ಕೆ ಚುಚ್ಚಿ ನಿಂತ ಆ ಬಿಳಿ ತುದಿಯಲ್ಲಿ ಹಳದಿಯ ಚಿಕ್ಕೆಯೊಂದು ಕಂಡಿತೆಂದು ಮಹಾನಂದಾ ಕೂಗಿದಳು. "ಇಲ್ಲಿಂದ ಕಾಣಾಕ ನಿನ್ನ ಕಣ್ಣೇನು ಹದ್ದಿಂದ?" ಎಂದಳು ಇಂದ್ರಾಬಾಯಿ. ಅಷ್ಟರಲ್ಲಿ ಹುಚ್ಚೇಶ ತಲೆಕೆಳಗಾಗಿ ಹಿಡಿದಿದ್ದ ವಾಕಿಟಾಕಿ ಗೊರಗೊರ ಅಂದಿತು. ಗಾಳಿಯ ಸದ್ದಿನ ನಡುವೆ ಸವಿತಾಳ ಏದುಸಿರು.

"ಮಾವಾ... ಭಂಡಾರ ಮುಟ್ಟಿತು. ಎಲ್ಲಾರೂ ಮ್ಯಾಲೆ ಅದೇವಿ. ಮಾವಾ, ಬೂಟ ಕಚ್ಚಲಿಲ್ಲ."

ಹುಚ್ಚೇಶ ಸೊಂಟ ತಡವಿಕೊಂಡ. ಚೀಲ ಇರಲಿಲ್ಲ. ಅಂಗೈಯ ಗೆರೆಗಳಲ್ಲಿ ಉಳಿದಿದ್ದ ಹಳದಿಯನ್ನೇ ಬೆರಳಿಗೆ ತಾಗಿಸಿಕೊಂಡು ಇಂದ್ರಾಬಾಯಿಯ ಹಣೆಗೆ ಹಚ್ಚಿದ.

ಇಂದ್ರಾಬಾಯಿ ಕಣ್ಣು ಒರೆಸಿಕೊಂಡು, ತನ್ನ ಎರಡೂ ಕಾಲುಗಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

"ನನ್ನ ಬೂಟೂ ಕಚ್ಚತಾವೋ ಹುಚ್ಚೇಶಪ್ಪ. ಆದ್ರ ನಿನ್ನ ಕಾಲ ಬೀಳತೇನಿ, ಇವನ್ನ ಮಾತ್ರ ಮುಟ್ಟಬ್ಯಾಡ."