ರೋಮಿನಲ್ಲಿ ಕೈತುತ್ತು

ಅಮ್ಮ ತೀರಿಕೊಂಡಾಗ ನಾನು ಅಮೆರಿಕದ ಫ್ರೀಮಾಂಟಿನಲ್ಲಿ ತುಂಬು ಬಸುರಿ, ಮೈಸೂರಿಗೆ ಹೋಗಲಾಗಲಿಲ್ಲ. ಎಂಬತ್ತಾರನೇ ಇಸವಿಯಲ್ಲಿ, ಅಂದು ಹೊಟ್ಟೆಯಲ್ಲಿದ್ದ ಮಗಳು ಅಪರ್ಣಾಳನ್ನು ಕರೆದುಕೊಂಡು ಊರಿಗೆ ಹೊರಟವರು, ದಾರಿಯಲ್ಲಿ ಒಂದು ದಿನ ರೋಮಿನಲ್ಲಿ ಇಳಿದೆವು.

ಮಧ್ಯಾಹ್ನ ಹೋಟೆಲಿನಲ್ಲಿ ಮಾಂಸವಿಲ್ಲದ್ದು ಕೇಳಿದರೆ ಬರೀ ಅನ್ನ ತಂದಿಟ್ಟರು. ಅಪರ್ಣಾ ಅದನ್ನು ಮುಟ್ಟದೆ, ಪಕ್ಕದ ಖಾಲಿ ಕುರ್ಚಿಯತ್ತ ಅಂಗೈ ಚಾಚಿ ಚಾಚಿ ತಿನ್ನುತ್ತಿದ್ದಳು.

"ಯಾರೇ ಪುಟ್ಟಿ, ತುತ್ತು ಕೊಡ್ತಿರೋದು?" ಎಂದೆ.

"ಅಜ್ಜಿ. ಶಿ ಸೇಸ್ ಕೊನೇ ತುತ್ತು, ಬಟ್ ದೇರ್ಸ್ ಆಲ್ವೇಸ್ ಒನ್ ಮೋರ್."

"ನಿಮ್ಮಮ್ಮಂಗೆ ವೀಸಾ ಸಿಕ್ಕಿಬಿಡ್ತಲ್ಲೇ!" ಎಂದು ನಮ್ಮೆಜಮಾನರು ನಕ್ಕರು.

ಮಗುವಿನ ಅಂಗೈ ತಣ್ಣಗಿತ್ತು. ಇಂಗಿನ ಒಗ್ಗರಣೆಯ ಘಮ. ನಾನೂ ಕೈಯೊಡ್ಡಿದೆ.

"ಅಜ್ಜಿ ಸೇಸ್, ಕೈ ತೊಳ್ಕೊಂಡು ಬಾ."

ತೊಳೆದು ಓಡಿ ಬಂದೆ. ಮೊಸರೇ ಇಲ್ಲದ ಆ ಮೇಜಿನ ಮೇಲೆ, ನನ್ನ ತಟ್ಟೆಯಲ್ಲಿ ಒಂದು ತುತ್ತು ಮೊಸರನ್ನವಿತ್ತು. ತಿಂದೆ. ಉಪ್ಪು ಹಾಕುವುದನ್ನು ಅಮ್ಮ ಎಂದಿನಂತೆ ಮರೆತಿದ್ದಳು.