ನಡುಹೊಳೆಯಿಂದ ತೆಗೆದ ಚಿತ್ರ

ಎಲ್ಲೆಲ್ಲಿಂದಲೋ ಜನ ಬಂದು ಫೋಟೊ ಹೊಡೆಯುವ ಹಳೆಯ ಸೇತುವೆಯೊಂದು ಸವದತ್ತಿ ಕಡೆ ಇದೆ. ಹೋದ ಮಳೆಗಾಲದಲ್ಲಿ ಅದರ ಫೋಟೊ ತೆಗೆಯಲು ಹೋದ ನನ್ನ ತಂಗಿ ಪ್ರಜ್ಞಾ ಮಲಪ್ರಭೆಯ ಪಾಲಾದಳು. ದಡದಲ್ಲಿ ಅವಳ ಕ್ಯಾಮೆರಾ ಮಾತ್ರ ಸಿಕ್ಕಿತು. ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ. ಕೀಲಿ ನನ್ನ ಹತ್ತಿರವೇ ಇತ್ತು.

ಈ ಬೇಸಿಗೆಯಲ್ಲಿ ಮನಸ್ಸು ತಡೆಯದೆ ಅದನ್ನು ಚಾರ್ಜ್ ಮಾಡಿಕೊಂಡು, ಅವಳು ನಿಂತು ಫೋಟೊ ತೆಗೆದ ಜಾಗಗಳನ್ನು ಹುಡುಕುತ್ತ ಹೊರಟೆ. ದೊಡ್ಡ ಬಂಡೆ, ಜಾಲಿಗಿಡದ ಬುಡ, ಬಟ್ಟೆ ಒಗೆಯುವ ಮೆಟ್ಟಿಲು ಎಲ್ಲ ಸಿಕ್ಕವು. ಕೊನೆಯ ಚಿತ್ರದ ಜಾಗ ಮಾತ್ರ ಸಿಗಲಿಲ್ಲ. ಅಲ್ಲೇ ಮೀನು ಹಿಡಿಯುತ್ತಿದ್ದ ಭೀಮಶಿ ಕಾಕಾನಿಗೆ ತೋರಿಸಿದೆ.

"ಇದು ನಟ್ಟನಡು ಹೊಳ್ಯಾಗಿಂದ ತೆಗದದ್ದು ತಮ್ಮಾ. ಬ್ಯಾಸಗ್ಯಾಗೂ ಅಲ್ಲಿ ಎರಡಾಳು ನೀರ ಇರತೈತಿ."

ಸುಡುವ ಬಿಸಿಲಲ್ಲೂ ಕ್ಯಾಮೆರಾ ನನ್ನ ಕೈಯಲ್ಲಿ ತಣ್ಣಗೆ ಕೊರೆಯುತ್ತಿತ್ತು. ಕಾಕಾ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಸೇತುವಿ ಮ್ಯಾಲಿನ ಈ ಹಳದಿ ಕಂಬಿ ನೋಡ. ಹಳೇವು ಮಹಾಪೂರದಾಗ ಕಿತ್ತು ಹೋದ್ವು. ಇವನ್ನ ಮೊನ್ನಿ ಯುಗಾದಿ ಆದಮ್ಯಾಲ ಕುಂದ್ರಿಸ್ಯಾರ."

"ಹಂಗಾರ ಇದನ್ನ ಯಾರು ತೆಗದ್ರು ಕಾಕಾ?"

ಅವನು ಕ್ಯಾಮೆರಾ ನನ್ನ ಕೈಗಿಟ್ಟು ಬಲೆ ಎಳೆದುಕೊಂಡು ಹೋಗಿಬಿಟ್ಟ.

ಹೊತ್ತು ಮುಳುಗುವವರೆಗೂ ಅವಳ ಹೆಸರು ಹಿಡಿದು ಕೂಗಿದೆ. ಯಾರು ಕೂಗಿದರೂ ಮರುದನಿ ಕೊಡುವ ಸೇತುವೆಯ ಕಮಾನುಗಳು ಅವತ್ತು ಒಂದು ಸಲವೂ ಕೊಡಲಿಲ್ಲ.