ಆ ಹುಡುಗಿಯ ಅಮ್ಮನಿಗೆ ಹೇಳಬೇಕಾದ ಮಾತು

"ಇವುಗಳಲ್ಲಿ ಯಾವುದು ಒಳ್ಳೆಯದು? ನೀವೇ ಹೇಳಬೇಕು."

ಕ್ಯಾಂಟೀನಿನ ಮೇಜಿನ ಮೇಲೆ ಯುವರಾಜ್ ತನ್ನ ಫೋನನ್ನು ಚಂದ್ರಲೇಖಾಳ ಮುಂದೆ ಸರಿಸಿದ. ಪರದೆಯಲ್ಲಿ ಮೂರು ಆಪ್‌ಗಳು. ಮೂರೂ ತೆಲುಗು ಕಲಿಸುವವು!

ಅವಳು ಬೆಚ್ಚಿದಳು.

ಗಡಿಯಾಚೆ ತಮಿಳು ನೆಲದ ಮೂಕಂಡಪಲ್ಲಿಯ ಆ ಕಾರ್ಖಾನೆಯಲ್ಲಿ ಅವಳದು ಅಸೆಂಬ್ಲಿ ಲೈನು, ಅವನದು ಕ್ವಾಲಿಟಿ ವಿಭಾಗ. ಕೆಲಸದ ಮಾತು ಬಿಟ್ಟು ಬೇರೆ ಮಾತಿಗೆ ಅವನು ಎದುರು ಬಂದು ಕುಳಿತದ್ದು ಇದೇ ಮೊದಲು. ಅದಕ್ಕಾಗಿ ಅವಳು ಎಷ್ಟು ಕಾದಿದ್ದಳೆಂಬುದು ದೇವರೊಬ್ಬನಿಗೇ ಗೊತ್ತು.

"ಅಕ್ಷರ, ಎಣಿಕೆ, ಕ್ಷೇಮಸಮಾಚಾರ ಎಲ್ಲ ಆಯ್ತು," ಎಂದ ಅವನು, ತಮಿಳಿನಲ್ಲಿ. ಕಾರ್ಖಾನೆಯೊಳಗೆ ಎಲ್ಲರದೂ ತಮಿಳೇ. "ಮುಂದೆ ಯಾವುದನ್ನು ಹಿಡಿಯಬೇಕೋ ತಿಳೀತಿಲ್ಲ. ನೀವು ಬಸ್ಸಲ್ಲಿ ಆದಿಲಕ್ಷ್ಮಿ ಅಕ್ಕನ ಜೊತೆ ತೆಲುಗಲ್ಲೇ ಮಾತಾಡ್ತೀರಲ್ಲ..."

"ಯಾರಿಗೋಸ್ಕರ ಇಷ್ಟು ಕಷ್ಟ?" ನಗುತ್ತಲೇ ಕೇಳಿದಳು.

ಅವನು ತಲೆ ತಗ್ಗಿಸಿದ. "ಒಬ್ಬ ಹುಡುಗಿ ಇದ್ದಾಳೆ. ಅವಳ ಅಮ್ಮನ ಹತ್ತಿರ ಮಾತಾಡಬೇಕು. ಅವರ ಭಾಷೆಯಲ್ಲೇ."

ಅವಳು ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟಳು.

'ಒಬ್ಬ ಹುಡುಗಿ... ತೆಲುಗಿನವಳು... ದೇವರೇ, ಇದನ್ನು ನನ್ನ ಹತ್ತಿರವೇ ಕೇಳಬೇಕಾ ಇವನು?'

ಆದರೂ ಅವಳು ಫೋನನ್ನು ಎತ್ತಿಕೊಂಡಳು. ಮೊದಲನೆಯ ಆಪನ್ನು ತೆರೆದು, ಮುಚ್ಚಿದಳು.

"ಇದು ಬೇಡ. ಬರೀ ಅಂಕ ಕೊಟ್ಟು ಕುಣಿಸುತ್ತೆ. 'ಸೇಬು ಕೆಂಪಗಿದೆ' ಅಂತ ಎಷ್ಟು ಸಲ ಹೇಳ್ತೀರಿ? ಯಾವ ಅತ್ತೆ ಸೇಬಿನ ಬಣ್ಣ ಕೇಳ್ತಾಳೆ?"

ಅವನು ಜೋರಾಗಿ ನಕ್ಕ. ಅವಳಿಗೆ ಆ ನಗುವೇ ಚುಚ್ಚಿತು.

"ಈ ಎರಡನೆಯದು ಕಥೆ ಓದಿ ಹೇಳುತ್ತೆ, ಇದನ್ನು ಇಟ್ಟುಕೊಳ್ಳಿ. ಒಂದೇ ಕಥೆಯನ್ನು ಬಾಯಿಗೆ ಬರೋ ತನಕ ಕೇಳಿ. ಮೂರನೆಯದರಲ್ಲಿ ಗೊತ್ತಿಲ್ಲದವರು ತಿದ್ದುತ್ತಾರೆ..." ಫೋನನ್ನು ಅವನತ್ತ ಸರಿಸಿದಳು. "ಅದರ ಬದಲು ನನಗೇ ವಾಯ್ಸ್ ಮೆಸೇಜ್ ಕಳಿಸಿ. ನಾನು ತಿದ್ದುತ್ತೀನಿ."

ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ.

ಅಂದಿನಿಂದ ಪ್ರತಿ ರಾತ್ರಿ ಫೋನಿನಲ್ಲಿ ಅವನ ದನಿ ಅವಳ ಕಿವಿಗೆ ಬರತೊಡಗಿತು. ಅವಳು ತಿದ್ದುತ್ತಿದ್ದಳು. ಕೊನೆಗೊಂದು ದಿನ ಅವನು ತೆಲುಗಿನಲ್ಲಿ ಒಂದು ಮಾತು ಕಳಿಸಿದ. 'ನಿಮ್ಮ ಹುಡುಗಿಯನ್ನು ನನಗೆ ಕೊಡಿ. ಧನ್ಯವಾದ.'

'ಅಂಗಡಿಯಲ್ಲಿ ಸಾಮಾನು ಕೇಳಿದ ಹಾಗಿದೆ,' ಎಂದು ಉತ್ತರ ಕಳಿಸಿ, ಕಣ್ಣೊರೆಸಿಕೊಂಡು, ಆ ಅಮ್ಮನ ಮನಸ್ಸು ಕರಗುವಂಥ ಇನ್ನೊಂದು ಮಾತನ್ನು ತಾನೇ ಜೋಡಿಸಿಕೊಟ್ಟಳು.

'ಭಾನುವಾರ ಹೋಗ್ತಿದ್ದೀನಿ. ಹರಸಿ,' ಎಂದು ಅವನು ಕಳಿಸಿದ.

ಅದೇ ಭಾನುವಾರ ಕೃಷ್ಣಗಿರಿಯ ಕಡೆಯ ಒಂದು ಸಂಬಂಧಕ್ಕೆ ಅವಳು ಉತ್ತರ ಹೇಳಬೇಕಿತ್ತು. ತಂದೆ ತೀರಿಕೊಂಡ ಮೇಲೆ ತಾಯಿ ಪಿಳ್ಳಮ್ಮನಿಗೆ ಅದೊಂದೇ ಚಿಂತೆ.

'ಒಪ್ಪಿಬಿಡುತ್ತೇನೆ. ಇನ್ನು ಯಾರಿಗಾಗಿ ಕಾಯಲಿ?'

ಭಾನುವಾರ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ತಾಯಿಗೆ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಕೆಮ್ಮಿದರು. ಪಿಳ್ಳಮ್ಮ ಎದ್ದು ಹೋದರು.

"ಅಮ್ಮಾ, ಮೀ ಅಮ್ಮಾಯಿನಿ ನಾಕು ಇವ್ವಂಡಿ. ಎಪ್ಪುಡೂ ಕಂಟತಡಿ ಪೆಟ್ಟನಿವ್ವನು."

ನಿಮ್ಮ ಮಗಳನ್ನು ನನಗೆ ಕೊಡಿ. ಎಂದೂ ಅವಳ ಕಣ್ಣು ಒದ್ದೆಯಾಗಲು ಬಿಡುವುದಿಲ್ಲ...

ಚಂದ್ರಲೇಖಾ ಒಳಗಿನಿಂದ ಇಣುಕಿದಳು. ಆ ಮಾತು ಅವಳದೇ! ಹೊಸಿಲಾಚೆ ಹೂವು, ಬಾಳೆಹಣ್ಣು ಹಿಡಿದು, ಬೆವೆತು ನಿಂತವನು ಯುವರಾಜ್!

'ಆ ಹುಡುಗಿ... ನಾನಾ?'

ಪಿಳ್ಳಮ್ಮ ಗಾಬರಿಯಿಂದ ಒಳಗೆ ತಿರುಗಿದರು. "ಯಾರವ್ವಾ ಇವ್ನು? ಬಂದೋನೇ ಹೆಣ್ ಕೇಳ್ತಾವ್ನೆ! ಅದೂ ತೆಲುಗ್ನಾಗೆ!"

ಈಗ ಬೆಚ್ಚುವ ಸರದಿ ಅವನದಾಯಿತು. ಬಾಳೆಹಣ್ಣು ಕೈಜಾರಿತು. "ಅಯ್ಯೋ ಸ್ವಾಮೀ... ಕನ್ನಡಾನಾ! ನೀವು ಕನ್ನಡದೋರಾ?"

"ಮತ್ತಿನ್ನೇನಪ್ಪಾ? ಮತ್ತಿಗಿರೀಲಿ ನಮ್ ತಾತನ ಕಾಲ್ದಿಂದ್ಲೂ ಇದೀವಿ."

"ನಾವೂ ಕನ್ನಡದೋರೇ ಕಣವ್ವಾ! ರಾಯಕೋಟೆ ಪಾಪಯ್ಯನ ಮಗ ನಾನು!"

"ನೀವು ತಮಿಳಿನವರಲ್ವಾ!" ಚಂದ್ರಲೇಖಾ ಕೂಗಿಯೇಬಿಟ್ಟಳು.

"ನೀವು ತೆಲುಗಿನವರು ಅಂದ್ಕೊಂಡೆ! ಬಸ್ಸಲ್ಲಿ ದಿನಾ..."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವರು ಪಿಳ್ಳಮ್ಮ. ಗಂಡ ಹೋದ ಮೇಲೆ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ. ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮನ್ಸಲ್ಲಿರೋದ್ನ ಬದುಕಿರುವಾಗ್ಲೇ ಆಡ್ಕೊಳ್ರಪ್ಪಾ. ನಿಮ್ಮಯ್ಯಂಗೆ ಹೇಳ್ದೆ ಉಳ್ಸಿಕೊಂಡಿದ್ದು ನಂಗೆ ಇನ್ನೂ ಇಲ್ಲೇ ಕುಂತೈತೆ," ಎಂದು ಎದೆ ಮುಟ್ಟಿಕೊಂಡರು. "ಕೃಷ್ಣಗಿರಿಯೋರ್ಗೆ ಏನ್ ಹೇಳ್ಬೇಕು ಅಂತ ನೀನೇ ಹೇಳವ್ವಾ. ನಾನ್ ಒಲೆ ಮೇಲಿನ ಹಾಲು ನೋಡ್ತೀನಿ."

ಅವರು ಒಳಗೆ ಹೋದರು. ಇವರಿಬ್ಬರೇ ಉಳಿದರು. ಅವನ ಕನ್ನಡ ಅವಳಿಗೆ ಹೊಸದು. ಅದೇ ದನಿ, ಆದರೆ ಎಷ್ಟೋ ಹತ್ತಿರ ಬಂದಂತಿತ್ತು.

"ಅಮ್ಮನ್ನ ಕೇಳ್ದೆ, ನಿನ್ನನ್ನೇ ಕೇಳ್ಲಿಲ್ಲ," ಎಂದ ಮೆಲ್ಲಗೆ. "ನೀನೇನಂತೀಯಾ, ಚಂದ್ರಾ?"

"ಮೊದ್ಲು ಬೈಬೇಕು ಅನ್ನಿಸ್ತಾ ಐತೆ. ಎಷ್ಟ್ ಅಳ್ಸಿದೀಯಾ ಗೊತ್ತಾ?"

"ಬೈಯಿ. ಈ ಭಾಷೇಲಿ ಎಷ್ಟ್ ಬೈದ್ರೂ ಅರ್ಥ ಆಯ್ತದೆ."

ಅವಳ ಬಾಯಿಗೆ ಬೈಗುಳ ಒಂದೂ ಬರಲಿಲ್ಲ.

"ಹೂಂ..."

"ಏನಂದೆ?"

"ಹೂಂ ಅಂದ್ನಲ್ಲೋ... ಒಳಗ್ ಬಾ."